ಚಿತ್ರಮಂದಿರವೋ, ಮನೆಯೋ?

ಭಾನುವಾರ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಈ ಚರ್ಚೆ ತಪ್ಪಿದ್ದಲ್ಲ: ಮನೆಯಲ್ಲೇ ಚಿತ್ರ ನೋಡುವ ಅನುಕೂಲವಿರುವಾಗ ಟಿಕೆಟಿಗೆ ದುಡ್ಡು ಸುರಿಯುವುದೇಕೆ? ಪ್ರಶ್ನೆ ನ್ಯಾಯವಾದದ್ದೇ. ನಮ್ಮಂಥ ಗುಮಾಸ್ತರು, ಕೂಲಿಗಾರರು ಸಂಸಾರಸಮೇತ ಹೋಗಿಬಂದರೆ ತಿಂಗಳ ಲೆಕ್ಕವೇ ತಪ್ಪುತ್ತದೆ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಎಂಟೇ ವಾರಗಳಲ್ಲಿ, ನವೆಂಬರ್ 24ಕ್ಕೆ, ಮೊಬೈಲಿಗೇ ಬಂದಿತು.

ಆದರೂ ಒಂದು ಮಾತು. 1954ರಲ್ಲಿ ರಾಜಕುಮಾರರ ‘ಬೇಡರ ಕಣ್ಣಪ್ಪ’ ತಯಾರಾದದ್ದು ಇದೇ ಊರಿನಲ್ಲಿ, ಅಂದಿನ ಮದರಾಸಿನಲ್ಲಿ. ಇಂದು ಅಣ್ಣಾ ನಗರದ ನಾವು ಕನ್ನಡ ಚಿತ್ರ ಎಲ್ಲಿ ಬಂದಿದೆ ಎಂದು ಹುಡುಕಬೇಕಾಗಿದೆ. ಚಿತ್ರಮಂದಿರದವರು ಭಾಷೆಯನ್ನಲ್ಲ, ತುಂಬಿದ ಕುರ್ಚಿಗಳನ್ನು ಎಣಿಸುತ್ತಾರೆ. ಮೊದಲ ಮೂರು ದಿನ ಕುರ್ಚಿ ಖಾಲಿಯಿದ್ದರೆ, ಮುಂದಿನ ವಾರ ಆ ಆಟ ಬೇರೆ ಚಿತ್ರದ ಪಾಲು. ನಾವು ಮನೆಯಲ್ಲಿ ನೋಡಿದ್ದು ಆ ಎಣಿಕೆಗೆ ಸೇರದು.

ಆದ್ದರಿಂದ ಹಳೆಯ ಚಿತ್ರಗಳನ್ನು ಮಕ್ಕಳೊಡನೆ ಮನೆಯಲ್ಲೇ ನೋಡೋಣ. ಹೊಸ ಕನ್ನಡ ಚಿತ್ರ ಈ ಊರಿಗೆ ಬಂದಾಗ, ವರ್ಷಕ್ಕೆ ಎರಡು ಸಲವಾದರೂ, ಮೊದಲ ವಾರವೇ ಜೊತೆಗೂಡಿ ಹೋಗೋಣ. ಒಂದು ಕನ್ನಡದ ಮಾತಿಗೆ ಪಕ್ಕದ ಅಪರಿಚಿತರೂ ನಮ್ಮೊಡನೆ ನಕ್ಕಾಗ, ಆ ಹೊತ್ತು ನಮ್ಮೂರು ದೂರವೆನಿಸದು.