ನಿಮಗಿದು ಗೊತ್ತೇ? ಮಸ್ಕತ್ತಿಗೆ ಹೋದ ಅಕ್ಕಿ, ಸೂರ್‌ನಿಂದ ಬಂದ ಯೂರಿಯಾ

ಶಿಕಾರಿಪುರ, ಸೊರಬದ ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಸೊಸೈಟಿಗೆ ಯೂರಿಯಾ ಬಂತಾ?" ಈ ಮಾತಿಗೂ ಅರಬ್ಬೀ ಸಮುದ್ರದ ಆಚೆ ದಡದ ಒಮಾನ್ ಎಂಬ ಸುಲ್ತಾನರ ನಾಡಿಗೂ ನಂಟಿದೆ. ಆ ನಂಟು ಇಂದಿನದಲ್ಲ.

● ಒಮಾನಿನ ಸೂರ್ ಪಟ್ಟಣದ ಬಳಿ 'ಒಮಾನ್ ಇಂಡಿಯಾ ಫರ್ಟಿಲೈಸರ್ ಕಂಪನಿ' ಇದೆ. ಅಲ್ಲಿ ಉತ್ಪಾದನೆ ಶುರುವಾದದ್ದು 2005ರಲ್ಲಿ. ಅರ್ಧ ಪಾಲು ಒಮಾನ್ ಸರ್ಕಾರದ ತೈಲ ಕಂಪನಿಯದು. ಉಳಿದರ್ಧವನ್ನು ನಮ್ಮ ಇಫ್ಕೋ ಮತ್ತು ಕ್ರಿಭ್ಕೋ ಶೇ. 25ರಂತೆ ಹಂಚಿಕೊಂಡವು. ವರ್ಷಕ್ಕೆ 16.52 ಲಕ್ಷ ಟನ್ ಯೂರಿಯಾ ಮಾಡುವ ಕಾರ್ಖಾನೆಯದು. ಅಷ್ಟನ್ನೂ 15 ವರ್ಷ ಕೊಳ್ಳುತ್ತೇನೆಂದು ಭಾರತ ಸರ್ಕಾರ ಕರಾರು ಮಾಡಿಕೊಂಡಿತ್ತು.

● ಇಫ್ಕೋ, ಕ್ರಿಭ್ಕೋ ಎರಡೂ ಸಹಕಾರ ಸಂಸ್ಥೆಗಳು; ಅವುಗಳ ಷೇರುದಾರರು ದೇಶದ ಉದ್ದಗಲದ ಸಹಕಾರ ಸಂಘಗಳು. ನಿಮ್ಮೂರ ಸೊಸೈಟಿ ಇಫ್ಕೋದ ಸದಸ್ಯವಾಗಿದ್ದರೆ, ಅರಬ್ ದೊರೆಯ ನಾಡಿನ ಆ ಕಾರ್ಖಾನೆಯಲ್ಲಿ ನಿಮ್ಮೂರಿಗೂ ಎಳ್ಳಷ್ಟು ಪಾಲಿದೆ ಎಂದರ್ಥ. ಇದನ್ನು ಸಂಘದ ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದು ಹೇಳಬೇಕು.

● ಗ್ಯಾಸು ಗೊಬ್ಬರವಾಗುವುದು ಹೇಗೆ? ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುತ್ತಾರೆ, ಗಾಳಿಯಿಂದ ಸಾರಜನಕ. ಎರಡೂ ಸೇರಿದರೆ ಅಮೋನಿಯಾ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಕೂಡಿಸಿದರೆ ಯೂರಿಯಾದ ಬಿಳಿ ಹರಳು. ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ. ಆದ್ದರಿಂದಲೇ ಕೊಲ್ಲಿಯಲ್ಲಿ ಗ್ಯಾಸಿನ ಬೆಲೆ ಏರಿದರೆ ದೆಹಲಿಯಲ್ಲಿ ಸಬ್ಸಿಡಿಯ ಲೆಕ್ಕ ಏರುತ್ತದೆ. ರೈತ ಮಾತ್ರ 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆಯನ್ನೇ ಕೊಡುತ್ತಾನೆ. ಬೆಲೆಯ ಏರಿಳಿತ ಅವನಿಗೆ ತಟ್ಟುವುದಿಲ್ಲ, ಕೊರತೆ ತಟ್ಟುತ್ತದೆ.

● ಆ ಕೊರತೆ ಎಷ್ಟು ಸುಡಬಲ್ಲದು ಎಂಬುದನ್ನು ನಮ್ಮ ಸೀಮೆ ಕಣ್ಣಾರೆ ಕಂಡಿದೆ. 2008ರ ಮೇ 30ರಂದು ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಜೂನ್ 10ರಂದು ಪಕ್ಕದ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರ ಜೀವ ಹೋಯಿತು. ಗೊಬ್ಬರದ ರಾಜಕಾರಣ ಎಂದಾಗ ನನಗೆ ಮೊದಲು ನೆನಪಾಗುವುದು ಆ ಇಬ್ಬರು, ಆಮೇಲೆ ತೈಲ ದೇಶಗಳು.

● ಈಗ ಕಾಲವನ್ನು ನಾನೂರು ವರ್ಷ ಹಿಂದಕ್ಕೆ ತಿರುಗಿಸಿ. ಆಗ ಕೊಡುವ ಕೈ ನಮ್ಮದಾಗಿತ್ತು. ಸೊರಬ, ಚಂದ್ರಗುತ್ತಿ ಕೆಳದಿ ನಾಯಕರ ಆಳ್ವಿಕೆಯಲ್ಲಿದ್ದ ದಿನಗಳು; ಚಂದ್ರಗುತ್ತಿ ಅವರ ಗಟ್ಟಿ ಕೋಟೆಗಳಲ್ಲೊಂದು. ಮರಳು, ಬಂಡೆ, ಖರ್ಜೂರದ ಒಮಾನಿನ ಬಂದರು ಮಸ್ಕತ್ತಿಗೆ ಊಟದ ಅಕ್ಕಿ ಹೋಗುತ್ತಿದ್ದದ್ದು ಕೆಳದಿ ಸೀಮೆಯ ಕರಾವಳಿಯ ಬಂದರುಗಳಾದ ಬಸರೂರು, ಹೊನ್ನಾವರ, ಮಂಗಳೂರುಗಳಿಂದ. ಘಟ್ಟದ ಕೆಳಗಿನ ಅಕ್ಕಿ, ಘಟ್ಟದ ಮೇಲಿನ ಮೆಣಸು ಒಂದೇ ಹಡಗಿನಲ್ಲಿ ಸಾಗುತ್ತಿದ್ದವು. ಗಾಳಿಯೂ ಒಕ್ಕಲುತನಕ್ಕೆ ಹೊಂದಿಕೊಂಡಿತ್ತು: ಭತ್ತ ಒಕ್ಕಿ ಮುಗಿಯುವ ಹೊತ್ತಿಗೆ ಮುಂಗಾರಿನ ಗಾಳಿ ತಿರುಗಿ, ಈಶಾನ್ಯದ ಗಾಳಿ ಹಡಗುಗಳನ್ನು ಅರಬ್ ದಡದತ್ತ ಒಯ್ಯುತ್ತಿತ್ತು.

● ಎರಡೂ ದಡಗಳಿಗೆ ಶತ್ರು ಒಬ್ಬನೇ, ಪೋರ್ಚುಗೀಸ. ಪೋರ್ಚುಗೀಸರು 1507ರಲ್ಲಿ ಹಿಡಿದ ಮಸ್ಕತ್ತನ್ನು 1650ರಲ್ಲಿ ಒಮಾನಿನ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಿತ್ತುಕೊಂಡರು. ಎರಡೇ ವರ್ಷ ಕಳೆಯಿತು. 1652ರಿಂದ 1654ರೊಳಗೆ ಕೆಳದಿಯ ಶಿವಪ್ಪನಾಯಕ ಗಂಗೊಳ್ಳಿ, ಬಸರೂರು, ಹೊನ್ನಾವರಗಳಿಂದ ಅದೇ ಪೋರ್ಚುಗೀಸರನ್ನು ಹೊರಹಾಕಿದರು. ನಮ್ಮ ಶಾಲಾ ಪಾಠಗಳು ಇವೆರಡನ್ನು ಅಕ್ಕಪಕ್ಕ ಇಟ್ಟು ಹೇಳಿದರೆ ಮಕ್ಕಳಿಗೆ ಕೆಳದಿಯ ಇತಿಹಾಸ ಸಮುದ್ರದಷ್ಟು ದೊಡ್ಡದಾಗಿ ಕಂಡೀತು.

● ವ್ಯಾಪಾರದ ಜಗಳಕ್ಕೆ ಊರೇ ಸುಟ್ಟದ್ದೂ ಉಂಟು. ಸೋತ ಮೇಲೂ ಪೋರ್ಚುಗೀಸರು ಅರಬರ ವ್ಯಾಪಾರಕ್ಕೆ ಅಡ್ಡಗಾಲು ಹಾಕುತ್ತಲೇ ಇದ್ದರು. ಆ ಸಿಟ್ಟಿಗೆ 1695ರಲ್ಲಿ ಅರಬರು ಮಂಗಳೂರಿಗೆ ಬೆಂಕಿಯಿಟ್ಟರು. ಆಗ ಕೆಳದಿಯ ಗದ್ದುಗೆಯಲ್ಲಿದ್ದವರು ರಾಣಿ ಚೆನ್ನಮ್ಮಾಜಿ.

● 1763ರಲ್ಲಿ ಹೈದರಾಲಿ ಕೆಳದಿಯ ರಾಜಧಾನಿ ಬಿದನೂರನ್ನು ಗೆದ್ದಾಗ ಈ ಸೀಮೆ ಮೈಸೂರಿನ ಕೈಸೇರಿತು. ಕೆಳದಿಯ ಕಾಲದ ಮಹಾದಾನಪುರ 'ಶಿಕಾರಿಪುರ'ವಾದದ್ದು ಹೈದರನ ಬೇಟೆಯಿಂದ ಎಂಬ ಮಾತಿದೆ. ಮಗ ಟಿಪ್ಪು ಮಸ್ಕತ್ತಿನಲ್ಲಿ ಮೈಸೂರಿನದೇ ವ್ಯಾಪಾರದ ಕೋಠಿ ತೆರೆದ. ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿ ಬಿಕರಿಯಾಗುತ್ತಿದ್ದವು. ಅಲ್ಲಿಂದ ಅವನು ತರಿಸಲು ಬರೆದದ್ದು ಖರ್ಜೂರದ ಗಿಡ, ಕೇಸರಿಯ ಬೀಜ, ರೇಷ್ಮೆ ಹುಳು.

● 1798ರ ಅಕ್ಟೋಬರಿನಲ್ಲಿ ಮಸ್ಕತ್ತಿನ ದೊರೆ ಈಸ್ಟ್ ಇಂಡಿಯಾ ಕಂಪನಿಯ ಕಡೆ ವಾಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮೂರೇ ತಿಂಗಳಲ್ಲಿ, 1799ರ ಜನವರಿಯಲ್ಲಿ, ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರವನ್ನು ತಲುಪಿಸಲು ಕೇಳಿಕೊಂಡದ್ದು ಅದೇ ದೊರೆಯನ್ನು! ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದುಹೋಯಿತು.

● ಸೂರ್ ಬಳಿಯಲ್ಲೇ ಕಲ್ಹಾತ್ ಎಂಬ ಹಳೆಯ ಬಂದರಿದೆ. ಅಲ್ಲಿಂದ ಭಾರತಕ್ಕೆ ಕುದುರೆಗಳು ಹಡಗೇರುತ್ತಿದ್ದುದನ್ನು ಮಾರ್ಕೊ ಪೋಲೊ ಬರೆದಿದ್ದಾನೆ. 2018ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ ಅದರ ಪಕ್ಕದಿಂದ ದ್ರವೀಕೃತ ಅನಿಲ ಹಡಗೇರುತ್ತದೆ. ಬಳ್ಳಿಗಾವಿ, ಸೊರಬದ ಕಡೆಯ ವೀರಗಲ್ಲುಗಳಲ್ಲಿ ಕುದುರೆ ಸವಾರರನ್ನು ಕಂಡಾಗಲೆಲ್ಲ ನನಗೆ ಆ ಬಂದರಿನ ನೆನಪಾಗುತ್ತದೆ.

● ಒಮಾನಿನಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆ ತಡೆಯಲೆಂದು 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತು. 1966ರಲ್ಲಿ ರೂಪಾಯಿಯ ಮೌಲ್ಯ ಇಳಿಸಿದಾಗ ಆವರೆಗೆ ಅದನ್ನು ಬಳಸುತ್ತಿದ್ದ ಉಳಿದ ಕೊಲ್ಲಿ ನಾಡುಗಳು ಕೈಬಿಟ್ಟವು. ಒಮಾನ್ 1970ರವರೆಗೂ ಬಳಸಿತು. ಇಂದು ಒಂದು ಒಮಾನಿ ರಿಯಾಲ್‌ಗೆ 200 ರೂಪಾಯಿಗೂ ಹೆಚ್ಚು.

● ಇಂದಿನ ಪಾಕಿಸ್ತಾನದ ಗ್ವಾದರ್ ಬಂದರು 1958ರವರೆಗೆ ಒಮಾನಿನದು. ಮಾರಿದ ಬೆಲೆ 30 ಲಕ್ಷ ಪೌಂಡ್.

● ಒಮಾನಿನಲ್ಲಿ ತೈಲ ಸಿಕ್ಕದ್ದು 1964ರಲ್ಲಿ, ರಫ್ತು ಶುರುವಾದದ್ದು 1967ರಲ್ಲಿ. ಆದರೂ 1970ರಲ್ಲಿ ಇಡೀ ದೇಶಕ್ಕೆ ಇದ್ದ ಡಾಂಬರು ರಸ್ತೆ ಸುಮಾರು 10 ಕಿ.ಮೀ., ಶಾಲೆಗಳು ಮೂರು. ರಾತ್ರಿಯಾದರೆ ಮಸ್ಕತ್ತಿನ ಊರಬಾಗಿಲು ಹಾಕುತ್ತಿದ್ದರು. ಆ ವರ್ಷ ಜುಲೈ 23ರಂದು ಮಗ ಖಾಬೂಸ್, ಅಪ್ಪ ಸಯೀದ್ ಬಿನ್ ತೈಮೂರನನ್ನು ಪಟ್ಟದಿಂದ ಇಳಿಸಿದರು. ಆ ಅಪ್ಪ ಓದಿದ್ದು ನಮ್ಮ ಅಜ್ಮೇರಿನ ಮೇಯೋ ಕಾಲೇಜಿನಲ್ಲಿ. ಅಜ್ಜ ತೈಮೂರ್ ಪಟ್ಟ ಬಿಟ್ಟು, ಕೊನೆಗೆ ಕಣ್ಣುಮುಚ್ಚಿದ್ದು ಮುಂಬೈಯಲ್ಲಿ.

● ಖಾಬೂಸ್‌ಗೆ ಮಕ್ಕಳಿರಲಿಲ್ಲ. ಉತ್ತರಾಧಿಕಾರಿಯ ಹೆಸರನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬರೆದಿಟ್ಟಿದ್ದರು. 2020ರ ಜನವರಿಯಲ್ಲಿ ಅವರು ತೀರಿಕೊಂಡಾಗ ಲಕೋಟೆ ಒಡೆದರು. ಒಳಗಿದ್ದದ್ದು ದಾಯಾದಿ ಸಹೋದರ ಹೈಥಮ್ ಬಿನ್ ತಾರಿಕ್ ಹೆಸರು. 2021ರಿಂದ ಪಟ್ಟ ಹಿರಿಯ ಮಗನಿಗೆ ಎಂಬ ಕಾನೂನು ಬಂತು.

● ಒಮಾನಿನಲ್ಲಿ ರಾಜಕೀಯ ಪಕ್ಷಗಳಿಲ್ಲ. 1991ರಲ್ಲಿ ಹುಟ್ಟಿದ ಶೂರಾ ಎಂಬ ಸಲಹಾ ಸಭೆಗೆ ಚುನಾವಣೆ ನಡೆಯುತ್ತದೆ, 2003ರಿಂದ 21 ವರ್ಷ ದಾಟಿದ ಎಲ್ಲ ಪ್ರಜೆಗಳಿಗೂ ಮತವಿದೆ. ಕೊನೆಯ ಮಾತು ಮಾತ್ರ ಸುಲ್ತಾನರದು. ನಮ್ಮಲ್ಲೂ ಅಪ್ಪನ ಕ್ಷೇತ್ರಕ್ಕೆ ಮಗ ಬರುತ್ತಾನೆ ನಿಜ. ಆದರೆ ಸೊರಬದಲ್ಲಿ ಎಸ್. ಬಂಗಾರಪ್ಪನವರ ಮಕ್ಕಳಲ್ಲಿ 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು ಗೆದ್ದರು. ಶಿಕಾರಿಪುರ 1999ರಲ್ಲಿ ಯಡಿಯೂರಪ್ಪನವರನ್ನೇ ಸೋಲಿಸಿತು. ಈ ಅಧಿಕಾರ ನಮ್ಮ ಕೈಯಲ್ಲಿರುವುದು ಸಣ್ಣ ಮಾತಲ್ಲ.

● ಯಾರಿಗೂ ಬಾಗಿಲು ಮುಚ್ಚದಿರುವುದೇ ಒಮಾನಿನ ವಿದೇಶಾಂಗ ನೀತಿ. 1979ರಲ್ಲಿ ಇಸ್ರೇಲ್ ಜೊತೆ ಒಪ್ಪಂದ ಮಾಡಿಕೊಂಡ ಈಜಿಪ್ಟನ್ನು ಅರಬ್ ದೇಶಗಳು ದೂರವಿಟ್ಟಾಗ ಒಮಾನ್ ಬಿಡಲಿಲ್ಲ. 2015ರಲ್ಲಿ ಸೌದಿ ನೇತೃತ್ವದ ಯೆಮೆನ್ ಯುದ್ಧಕ್ಕೆ ಸೇರಲಿಲ್ಲ, 2017ರಲ್ಲಿ ಕತಾರ್‌ಗೆ ಹಾಕಿದ ದಿಗ್ಬಂಧನಕ್ಕೂ ಸೇರಲಿಲ್ಲ. ಅಮೆರಿಕ ಮತ್ತು ಇರಾನ್ ಗುಟ್ಟಾಗಿ ಮಾತಿಗೆ ಕೂತದ್ದು ಮಸ್ಕತ್ತಿನಲ್ಲೇ. ಭಾರತ 2019ನೇ ಸಾಲಿನ ಗಾಂಧಿ ಶಾಂತಿ ಪ್ರಶಸ್ತಿಯನ್ನು ಖಾಬೂಸ್‌ಗೆ ಮರಣೋತ್ತರವಾಗಿ ಕೊಟ್ಟಿತು. 2018ರಲ್ಲಿ ಒಮಾನಿನ ದುಕ್ಮ್ ಬಂದರಿನಲ್ಲಿ ನಮ್ಮ ನೌಕಾಪಡೆಗೆ ಅವಕಾಶ ಸಿಕ್ಕಿತ್ತು.

● ಒಮಾನ್ ಒಪೆಕ್ ಸದಸ್ಯ ರಾಷ್ಟ್ರವಲ್ಲ. ದಿನಕ್ಕೆ ತೆಗೆಯುವುದು ಸುಮಾರು 10 ಲಕ್ಷ ಬ್ಯಾರೆಲ್. ಅದರಲ್ಲಿ ಒಂದಷ್ಟು ಎಣ್ಣೆ ಮಂದ, ಹಬೆ ಹಾಯಿಸಿ ಹೊರತರಬೇಕು. ತೈಲ ಬರಿದಾಗುವ ದಿನಕ್ಕೆ ಈಗಲೇ ತಯಾರಿ ನಡೆಸಿ, 2028ರಿಂದ ಹೆಚ್ಚು ಸಂಪಾದಿಸುವವರ ಮೇಲೆ ಶೇ. 5 ಆದಾಯ ತೆರಿಗೆ ಘೋಷಿಸಿದೆ. ಕೊಲ್ಲಿಯ ಅರಸೊತ್ತಿಗೆಗಳಲ್ಲಿ ಇದೇ ಮೊದಲು.

● ದುಡಿಯಲು ಹೊರಟವರು ಇದನ್ನು ಗಮನಿಸಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇಸಿಆರ್' (ವಲಸೆ ತಪಾಸಣೆ ಅಗತ್ಯ) ಎಂದಿರುತ್ತದೆ. ಅಂಥವರು ಒಮಾನಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಬೇಕು. ಅದರ ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆ ಬರುತ್ತದೆ. ಏಜೆಂಟರ ಮಾತು ಕೇಳಿ ವಿಸಿಟ್ ವೀಸಾದಲ್ಲಿ ಹೋದರೆ ಎರಡೂ ಇಲ್ಲ. 2021ರ ಜನವರಿಯಿಂದ, ಕರಾರು ಮುಗಿದ ಮೇಲೆ ಹಳೆಯ ಧಣಿಯ ಒಪ್ಪಿಗೆ ಪತ್ರವಿಲ್ಲದೆ ಅಲ್ಲಿ ಕೆಲಸ ಬದಲಿಸಬಹುದು.

● ತಾಲ್ಲೂಕು, ವಸೂಲಿ, ಅರ್ಜಿ ಎಲ್ಲವೂ ಅರಬ್ಬಿ ಮೂಲದ ಮಾತುಗಳು. ಸೊರಬದ ರೈತನ ಮನೆಮಾತಾಗಿರುವ 'ಬಗರ್ ಹುಕುಂ'ನ ಹುಕುಂ ಕೂಡ. ಮುಂಗಾರು ಹಂಗಾಮಿಗೆ ಕೃಷಿ ಇಲಾಖೆ ಬಳಸುವ 'ಖರೀಫ್' ಸಹ ಅರಬ್ಬಿಯದೇ. ಒಮಾನಿನ ದಕ್ಷಿಣದ ಸಲಾಲದಲ್ಲಿ ಅದೇ ಹೆಸರಿನ ಮಳೆಗಾಲವಿದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಚಂದ್ರಗುತ್ತಿ ಗುಡ್ಡಕ್ಕೆ ಮಳೆ ತರುವ ನೈಋತ್ಯ ಮುಂಗಾರು ಅಲ್ಲಿ ಮಂಜಾಗಿ, ತುಂತುರಾಗಿ ಇಳಿಯುತ್ತದೆ. ಬೋಳು ಗುಡ್ಡಗಳು ಹಸಿರಾಗುತ್ತವೆ, ಆ ಊರಿನ ತೋಟಗಳಲ್ಲಿ ತೆಂಗು, ಬಾಳೆ ಬೆಳೆಯುತ್ತವೆ.