ಹೊಲವಿಲ್ಲದ ಊರಿನ ಪಾಲುಪಟ್ಟಿ

ಇಂದಿರಾನಗರದ ನೂರಡಿ ರಸ್ತೆಯ ಸಂಜೆಯ ಸಂದಣಿಯಲ್ಲಿ ನಿಂತು, ಒಂದು ಕಾಲಕ್ಕೆ ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿಗಳ ರೈತರು ಈ ಸೀಮೆಯಲ್ಲಿ ಬೇಸಾಯ ಮಾಡುತ್ತಿದ್ದರೆಂದರೆ ಇಂದಿನ ತರುಣರು ಸುಲಭವಾಗಿ ನಂಬಲಾರರು. ಆದರೂ ಬಡಾವಣೆಯ ಬೆನ್ನಿಗೆ ಉಳಿದಿರುವ ಆ ಹಳ್ಳಿಗಳ ಇಕ್ಕಟ್ಟಾದ ಓಣಿಗಳಲ್ಲಿ, ಹಿರಿಯನ ತಿಥಿ ಮುಗಿದೊಡನೆ ಏಳುವ ಪ್ರಶ್ನೆ ಮಾತ್ರ ಅಂದಿನದೇ: ಯಾರಿಗೆ ಎಷ್ಟು?

ಹಿಂದೆ ಹಿರಿಯರು ಜಗಲಿಯ ಮೇಲೆ ಕುಳಿತು, ಹೊಲವನ್ನು ಗುಂಟೆಯ ಲೆಕ್ಕದಲ್ಲಿಯೂ ಎತ್ತು, ನೇಗಿಲು, ತಾಮ್ರದ ಹಂಡೆಗಳನ್ನು ಎಣಿಕೆಯಲ್ಲಿಯೂ ಹಂಚುತ್ತಿದ್ದರು. ಒಡೆಯಲಾಗದ್ದು ನೆಲದಲ್ಲಿ ಹೂತ ಒರಳುಕಲ್ಲೊಂದೇ. ಅಡುಗೆಮನೆ ಯಾರಿಗೆ ಬಂತೋ ಅದೂ ಅವರದೇ. ಹೆಣ್ಣುಮಕ್ಕಳಿಗೆ ಅರಿಸಿನ ಕುಂಕುಮದೊಡನೆ ಸೀರೆಯೊಂದು ಸಂದರೆ ನ್ಯಾಯ ಮುಗಿಯಿತೆಂಬ ಭಾವನೆ; ಅದನ್ನು ನ್ಯಾಯವೆನ್ನಲು ನನ್ನ ನಾಲಗೆ ಹೊರಳದು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಆ ಬೇಲಿಯನ್ನೂ ಕಿತ್ತಿತು. ಅಂದು ತಂದೆ ಬದುಕಿರಬೇಕಿತ್ತೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತಳ್ಳಿಹಾಕಿತು. ಸ್ವಯಾರ್ಜಿತದ ಲೆಕ್ಕ ಬೇರೆ: ಎರಡು ಎಕರೆ ಬಿಟ್ಟು, ಉಯಿಲು ಬರೆಯದೆ ತೀರಿಕೊಂಡ ಹಿಂದೂ ರೈತನಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಮಾತ್ರ ವಾರಸುದಾರರಾದರೆ, 80 ಗುಂಟೆಯಲ್ಲಿ ತಲಾ 20.

ವಂಶವೃಕ್ಷ, ಮರಣಪತ್ರಗಳನ್ನು ಕೊಟ್ಟು ಪವತಿ ಖಾತೆ ಮಾಡಿಸಿಕೊಂಡ ಹಿರಿಯಣ್ಣನು, ಪಹಣಿಯಲ್ಲಿ ತನ್ನ ಹೆಸರು ಬಂದ ಮಾತ್ರಕ್ಕೆ ಎಲ್ಲವೂ ತನ್ನದೆಂದು ಭ್ರಮಿಸುವುದುಂಟು. ಪವತಿ ಖಾತೆಯು ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ.