ಬೇಲಿಯೇ ಎದ್ದು ಹೊಲ ಮೇಯುವ ರೋಗ

ದರೋಜಿ ಕೆರೆಯ ಕೆಳಗಿನ ಗದ್ದೆ-ತೋಟಗಳಲ್ಲಾಗಲಿ, ಕಂಪ್ಲಿ-ಹೊಸಪೇಟೆಯ ಕಾಲುವೆ ಬದಿಯ ಬಾಳೆಯಲ್ಲಾಗಲಿ, ಗಿಡ ಕುಳ್ಳಾಗಿ ಎಲೆ ಮುದುಡಿದರೆ ಬೆಳೆಗಾರರು ಮೊದಲು ಎಲೆ ತಿರುವಿ ನೋಡುತ್ತಾರೆ. ಮೆಣಸಿನಕಾಯಿಗೆ ಮುಟುರು ರೋಗ ಬಂದಿದ್ದರೆ ಅಡಿಯಲ್ಲಿ ಬಿಳಿ ನೊಣ ಇರಬಹುದು. ಬಾಳೆಯ ತುದಿ ಗುಚ್ಛಗಟ್ಟಿದ್ದರೆ ಸಸ್ಯಹೇನು. ಇವು ವೈರಸ್ ರೋಗಗಳು. ವೈರಸ್ಸಿಗೆ ಮದ್ದಿಲ್ಲದಿದ್ದರೂ ಅದನ್ನು ಹೊತ್ತು ತರುವ ಹುಳುವಿಗೆ ಎಣ್ಣೆ ಹೊಡೆಯಬಹುದು. ಆದರೆ ಸಸ್ಯಲೋಕದಲ್ಲಿ ಇನ್ನೊಂದು ಬಗೆಯ ರೋಗಕಾರಕವಿದೆ. ಎಷ್ಟೋ ಸಲ ಅದನ್ನು ತರುವುದು ಹುಳುವಲ್ಲ, ನಮ್ಮದೇ ಕತ್ತರಿ. ಶಿಲೀಂಧ್ರ, ಬ್ಯಾಕ್ಟೀರಿಯಾ ಹುಡುಕಿದರೆ ಸಿಗುವುದಿಲ್ಲ. ವೈರಸ್ಸಿನ ಪ್ರೋಟೀನನ್ನು ಗುರುತಿಸುವ ಕಿಟ್ ಹಚ್ಚಿದರೂ ಗಿಡ ಆರೋಗ್ಯವಾಗಿದೆ ಎಂದೇ ಬರುತ್ತದೆ. ಅದಕ್ಕೆ ಪ್ರೋಟೀನೇ ಇಲ್ಲ. ಅದರ ಹೆಸರು ವೈರಾಯ್ಡ್.

ಅಮೆರಿಕದಲ್ಲಿ ಆಲೂಗಡ್ಡೆ ಕದಿರಿನ ಹಾಗೆ ಸಪೂರವಾಗಿ ಉದ್ದವಾಗುವ ರೋಗವೊಂದನ್ನು 1922ರಲ್ಲೇ ದಾಖಲಿಸಿದ್ದರು. ಕಾರಣ ಯಾವುದೋ ವೈರಸ್ ಇರಬೇಕು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಥಿಯೊಡೋರ್ ಡೀನರ್ ಆ ವೈರಸ್ಸನ್ನು ಬೇರ್ಪಡಿಸಲು ಹೊರಟರು. ರೋಗಿ ಗಿಡದ ರಸವನ್ನು ಎಷ್ಟು ವೇಗವಾಗಿ ತಿರುಗಿಸಿದರೂ ರೋಗಕಾರಕ ವೈರಸ್ಸಿನಂತೆ ತಳಕ್ಕೆ ಇಳಿಯಲಿಲ್ಲ, ಅಷ್ಟು ಹಗುರ. ಪ್ರೋಟೀನು ಕರಗಿಸುವ ಕಿಣ್ವ ಹಾಕಿದರೂ ರಸ ರೋಗ ಹಚ್ಚುತ್ತಲೇ ಇತ್ತು, ಆರ್‌ಎನ್‌ಎ ಕತ್ತರಿಸುವ ಕಿಣ್ವ ಹಾಕಿದರೆ ಮಾತ್ರ ಸುಮ್ಮನಾಗುತ್ತಿತ್ತು. ಹೊದಿಕೆಯಿಲ್ಲದ ಪುಟ್ಟ ಆರ್‌ಎನ್‌ಎಯೊಂದೇ ರೋಗ ತರುತ್ತಿದೆ ಎಂದು 1971ರಲ್ಲಿ ಡೀನರ್ ಸಾರಿದರು. ವೈರಾಯ್ಡ್ ಎಂಬ ಹೆಸರನ್ನು ಇಟ್ಟವರೂ ಅವರೇ.

ಜರ್ಮನಿಯ ಹೈಂಟ್ಸ್ ಸೆಂಗರ್ ತಂಡ 1976ರಲ್ಲಿ ಅದರ ಆಕಾರ ಬಿಡಿಸಿತು. ಅದು ತುದಿಗಳಿಲ್ಲದ, ಬಳೆಯಂತೆ ಕೂಡಿಕೊಂಡ ಒಂಟಿ ಎಳೆ. ಎಳೆಯ ಎದುರುಬದುರಿನ ಅಕ್ಷರಗಳು (ನ್ಯೂಕ್ಲಿಯೋಟೈಡ್‌ಗಳು) ಪರಸ್ಪರ ಅಂಟಿಕೊಂಡು ಬಳೆ ಚಪ್ಪಟೆಯಾಗಿ ಕಡ್ಡಿಯಂತಾಗುತ್ತದೆ. ಎರಡು ವರ್ಷದ ನಂತರ ಅದರ ಅಷ್ಟೂ ಅಕ್ಷರಗಳನ್ನು ಓದಲಾಯಿತು. ಇದ್ದದ್ದು ಬರೀ 359. ತಂಬಾಕಿನ ಮೊಸಾಯಿಕ್ ವೈರಸ್ಸಿನಲ್ಲಿ ಸುಮಾರು 6,400 ಅಕ್ಷರಗಳು, ಕೊರೋನಾ ವೈರಸ್ಸಿನಲ್ಲಿ ಸುಮಾರು 30,000. ಫಿಲಿಪ್ಪೀನ್ಸ್‌ನಲ್ಲಿ ಮೂರು ಕೋಟಿಗೂ ಹೆಚ್ಚು ತೆಂಗಿನ ಮರಗಳನ್ನು ಕೊಂದ ‘ಕಡಾಂಗ್-ಕಡಾಂಗ್’ ರೋಗದ ವೈರಾಯ್ಡ್ ಇನ್ನೂ ಚಿಕ್ಕದು, ಸುಮಾರು 246 ಅಕ್ಷರ. ಗಾತ್ರಕ್ಕಿಂತ ವಿಚಿತ್ರವಾದದ್ದು ಆ ಅಕ್ಷರಗಳ ಒಳಗೆ ಒಂದೇ ಒಂದು ಪ್ರೋಟೀನಿಗೂ ಸೂಚನೆ ಇಲ್ಲದಿರುವುದು. ವಿಷ ತಯಾರಿಸಲು ಬಾರದು, ಕಿಣ್ವ ತಯಾರಿಸಲು ಬಾರದು, ತನ್ನ ನಕಲನ್ನು ತಾನೇ ಮಾಡಿಕೊಳ್ಳಲೂ ಬಾರದು.

ಹಾಗಾದರೆ ಲಕ್ಷಗಟ್ಟಲೆ ಪ್ರತಿಗಳು ಹುಟ್ಟುವುದು ಹೇಗೆ? ಆಲೂಗಡ್ಡೆಯ ವೈರಾಯ್ಡ್ ಗಾಯದ ಮೂಲಕ ಜೀವಕೋಶ ಸೇರಿ, ಅಲ್ಲಿಂದ ಕೋಶಕೇಂದ್ರಕ್ಕೆ ಹೋಗುತ್ತದೆ. ಗಿಡದ ಡಿಎನ್‌ಎಯನ್ನು ಓದಿ ಆರ್‌ಎನ್‌ಎ ಬರೆಯುವ ದೊಡ್ಡ ಕಿಣ್ವ ಅಲ್ಲಿದೆ, ಆರ್‌ಎನ್‌ಎ ಪಾಲಿಮರೇಸ್-2. ಡಿಎನ್‌ಎ ಓದುವುದಕ್ಕೆಂದೇ ಇರುವ ಆ ಕಿಣ್ವ ವೈರಾಯ್ಡ್ ಮುಂದೆ ಬಂದರೆ ಮೋಸ ಹೋಗಿ ಆರ್‌ಎನ್‌ಎಯನ್ನೇ ನಕಲು ಮಾಡತೊಡಗುತ್ತದೆ. ಎಳೆ ಬಳೆಯಾಕಾರದ್ದಾದ್ದರಿಂದ ನಿಲ್ಲುವ ಜಾಗವಿಲ್ಲ. ಕಿಣ್ವ ಸುತ್ತಿ ಸುತ್ತಿ ಒಂದರ ಹಿಂದೆ ಒಂದು ಪ್ರತಿಯಿರುವ ಉದ್ದನೆಯ ಸರ ತೆಗೆಯುತ್ತದೆ. ಆ ಸರದಿಂದ ಮತ್ತೊಂದು ಸರ. ಅದನ್ನು ಗಿಡದ ಇನ್ನೊಂದು ಕಿಣ್ವ ತುಂಡರಿಸುತ್ತದೆ. ಡಿಎನ್‌ಎ ಬೆಸೆಯುವ ಮತ್ತೊಂದು ಕಿಣ್ವ ತುಂಡಿನ ತುದಿಗಳನ್ನು ಕೂಡಿಸಿ ಬಳೆ ಮಾಡಿಕೊಡುತ್ತದೆ. ಕೆಲಸವೆಲ್ಲ ಗಿಡದ್ದು. ಇನ್ನೊಂದು ಕುಟುಂಬದ ವೈರಾಯ್ಡ್‌ಗಳು ಕೋಶಕೇಂದ್ರದ ಬದಲು ಕ್ಲೋರೊಪ್ಲಾಸ್ಟಿನಲ್ಲಿ ಬೆಳೆಯುತ್ತವೆ. ಅವುಗಳ ಆರ್‌ಎನ್‌ಎಗೆ ಮಾತ್ರ ತನ್ನ ಸರವನ್ನು ತಾನೇ ತುಂಡರಿಸಿಕೊಳ್ಳುವ ಒಂದು ವಿದ್ಯೆ ಗೊತ್ತು.

ನಕಲಾಗುವುದೇ ರೋಗವಲ್ಲ. ಎಷ್ಟೋ ಗಿಡಗಳು ಮೈತುಂಬ ವೈರಾಯ್ಡ್ ಇಟ್ಟುಕೊಂಡು ಚೆನ್ನಾಗಿಯೇ ಇರುತ್ತವೆ. ಕೆಲವು ಮಾತ್ರ ಕುಳ್ಳಾಗುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಗಿಡದ ರಕ್ಷಣಾ ವ್ಯವಸ್ಥೆಯೊಳಗೆ.

ಗಿಡಗಳಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಅವು ಕಾಯುವ ಬಗೆ ಬೇರೆ. ಎರಡು ಎಳೆ ಅಂಟಿಕೊಂಡಂತಿರುವ ಆರ್‌ಎನ್‌ಎ ಕಂಡರೆ ಅದು ಹೊರಗಿನದು ಎಂದು ಬಗೆದು, ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರನ್ನು ಆರ್ಗೊನಾಟ್ ಎಂಬ ಪ್ರೋಟೀನು ಹಿಡಿದುಕೊಂಡು, ಚೂರಿಗೆ ಹೊಂದುವ ಅಕ್ಷರಸಾಲು ಎಲ್ಲಿ ಸಿಕ್ಕರೂ ಆ ಆರ್‌ಎನ್‌ಎಯನ್ನು ತುಂಡು ಮಾಡುತ್ತದೆ. ವೈರಸ್ಸಿನ ವಿರುದ್ಧ ಇದು ಒಳ್ಳೆಯ ಆಯುಧ. ವೈರಾಯ್ಡ್ ಬಂದಾಗಲೂ ಕೆಲಸ ಹಾಗೆಯೇ ಶುರುವಾಗುತ್ತದೆ. ಆದರೆ ಬಿಗಿಯಾಗಿ ಮಡಿಸಿಕೊಂಡ ಕಡ್ಡಿಗೆ ಆರ್ಗೊನಾಟ್ ಸುಲಭವಾಗಿ ಬಾಯಿ ಹಾಕಲಾರದು. ವೈರಾಯ್ಡ್ ಬಹುಪಾಲು ಪಾರಾಗುತ್ತದೆ. ಚೂರುಗಳು ಮಾತ್ರ ರಾಶಿ ರಾಶಿ ಉಳಿದುಬಿಡುತ್ತವೆ. ಆ ಚೂರುಗಳಲ್ಲಿ ಯಾವುದಾದರೂ ಒಂದರ ಅಕ್ಷರಸಾಲು ಗಿಡದ ಸ್ವಂತ ವಂಶವಾಹಿಯೊಂದರ ಸಂದೇಶಕ್ಕೆ ಆಕಸ್ಮಿಕವಾಗಿ ಹೊಂದಿಕೊಂಡರೆ ಆರ್ಗೊನಾಟ್ ಆ ಸಂದೇಶವನ್ನೇ ಕತ್ತರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇದು ಬರೀ ಊಹೆಯಲ್ಲ. ಆಸ್ಟ್ರೇಲಿಯದ ಮಿಂಗ್-ಬೋ ವಾಂಗ್ ಮತ್ತು ಸಂಗಡಿಗರು 2004ರಲ್ಲಿ ಟೊಮೆಟೊಗೆ ವೈರಾಯ್ಡ್ ಹಚ್ಚಲೇ ಇಲ್ಲ. ಅದರ ಅಕ್ಷರಸಾಲಿನ, ತಾನಾಗಿ ಬೆಳೆಯಲಾರದ ಆರ್‌ಎನ್‌ಎಯನ್ನು ಗಿಡದೊಳಗೇ ತಯಾರಾಗುವಂತೆ ಮಾಡಿದರು. ಸೋಂಕಿಲ್ಲದಿದ್ದರೂ ಚೂರುಗಳು ಹುಟ್ಟಿದವು, ಗಿಡ ರೋಗಿಯಂತೆಯೇ ಆಯಿತು. 2012ರಲ್ಲಿ ಯುರೋಪಿನ ತಂಡವೊಂದು ಪೀಚ್ ಮರದ ಎಲೆ ಬಿಳಿಚಿಕೊಳ್ಳುವ ರೋಗದ ಗುಟ್ಟು ಹಿಡಿಯಿತು. ಅಲ್ಲಿ ವೈರಾಯ್ಡಿನ ಚೂರುಗಳು ಕ್ಲೋರೊಪ್ಲಾಸ್ಟಿಗೆ ಬೇಕಾದ ಶಾಖ-ಆಘಾತ ಪ್ರೋಟೀನಿನ ಸಂದೇಶವನ್ನು ಕತ್ತರಿಸಿ, ಎಲೆಯಲ್ಲಿ ಹಸಿರು ಕೂಡದಂತೆ ಮಾಡುತ್ತಿದ್ದವು. ಕೆನಡಾದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದ ಚರಿತ್ ರಾಜ್ ಅಡ್ಕಾರ್-ಪುರುಷೋತ್ತಮ, ಜಾನ್-ಪಿಯರ್ ಪೆರೋ ಮತ್ತು ಸಂಗಡಿಗರು 2015ರಲ್ಲಿ ಟೊಮೆಟೊದ ಲೆಕ್ಕ ಕೊಟ್ಟರು. ಆಲೂಗಡ್ಡೆ ವೈರಾಯ್ಡಿನ ಉಗ್ರತೆ ನಿರ್ಧರಿಸುವ ಭಾಗದಿಂದ ಹುಟ್ಟಿದ ಚೂರು ಕ್ಯಾಲೋಸ್ ತಯಾರಿಸುವ ವಂಶವಾಹಿಗಳ ಬಾಯಿ ಮುಚ್ಚಿಸುತ್ತದೆ. ಕ್ಯಾಲೋಸ್ ಎಂದರೆ ಜೀವಕೋಶಗಳ ನಡುವಿನ ಸಣ್ಣ ದಾರಿಗಳ ಅಗಲವನ್ನು ಹೆಚ್ಚು-ಕಡಿಮೆ ಮಾಡುವ ಪದಾರ್ಥ.

ಎಲ್ಲ ಲಕ್ಷಣಗಳಿಗೂ ಇದೊಂದೇ ಕಾರಣವೆಂದಲ್ಲ. ನಿಂಬೆ ಜಾತಿಯ ವೈರಾಯ್ಡೊಂದು ಟೊಮೆಟೊದಲ್ಲಿ ರೈಬೋಸೋಮು ತಯಾರಾಗುವ ಕೆಲಸಕ್ಕೇ ಅಡ್ಡಿ ಮಾಡುವುದು 2019ರಲ್ಲಿ ಕಂಡುಬಂದಿದೆ. ಪ್ರೋಟೀನು ತಯಾರಿಸುವ ಯಂತ್ರವೇ ಕುಂಟಿದ ಮೇಲೆ ಗಿಡ ಬೆಳೆಯುವುದಾದರೂ ಹೇಗೆ? ಆದರೆ ಇಲ್ಲಿಯೂ ಹಾಳಾಗುವುದು ಗಿಡದ ಸ್ವಂತ ಸರಂಜಾಮೇ.

ರೋಗದ ಉಗ್ರತೆ ಅಕ್ಷರಗಳ ಹೊಂದಾಣಿಕೆಯ ಮೇಲೆ ನಿಂತಿದ್ದರೆ ಅಕ್ಷರ ಬದಲಾದಂತೆ ರೋಗವೂ ಬದಲಾಗಬೇಕು. ಹಾಗೆಯೇ ಆಗುತ್ತದೆ. ಆಲೂಗಡ್ಡೆ ವೈರಾಯ್ಡಿನ ಸೌಮ್ಯ ತಳಿಗೂ ಉಗ್ರ ತಳಿಗೂ ವ್ಯತ್ಯಾಸ ಬೆರಳೆಣಿಕೆಯ ಅಕ್ಷರಗಳದ್ದು. ಗಿಡ ಬದಲಾದರೂ ಅಷ್ಟೇ. ಜಪಾನಿನಲ್ಲಿ ಬಿಯರ್‌ಗೆ ಕಹಿ ಕೊಡುವ ಹಾಪ್ ಬಳ್ಳಿಗಳನ್ನು ಗಿಡ್ಡಾಗಿಸಿದ ವೈರಾಯ್ಡ್ ಬಂದದ್ದು ದ್ರಾಕ್ಷಿಯಿಂದ ಎಂದು ಹಿರೊಸಾಕಿ ವಿಶ್ವವಿದ್ಯಾಲಯದ ತೆರುವೊ ಸಾನೊ ಮತ್ತು ಜತೆಯವರು ಗುರುತಿಸಿದರು. ದ್ರಾಕ್ಷಿಯಲ್ಲಿ ಅದು ತೆಪ್ಪಗೆ ಇರುತ್ತದೆ. ಅದೇ ಹಾಪ್ ವೈರಾಯ್ಡ್, ದ್ರಾಕ್ಷಿ ಎಲೆಯಲ್ಲಿ ಹಳದಿ ಚುಕ್ಕೆ ಮೂಡಿಸಬಲ್ಲ ಇನ್ನೊಂದರ ಜತೆಗೆ ಭಾರತದ ದ್ರಾಕ್ಷಿ ಬಳ್ಳಿಗಳಲ್ಲೂ ಇರುವುದನ್ನು 2013ರಲ್ಲಿ ವರದಿ ಮಾಡಿದವರಲ್ಲಿ ಸಾನೊ, ಅಡ್ಕಾರ್-ಪುರುಷೋತ್ತಮ ಇಬ್ಬರೂ ಇದ್ದರು. ಚಾಟ್ನಿ ಮಾಡುವ ಕತ್ತರಿ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಇಂಥದ್ದೂ ಜತೆಗೆ ಹೋಗಬಲ್ಲದು.

ಬಳ್ಳಾರಿ ಸೀಮೆಯ ಬಿಸಿಲೂ ಈ ಲೆಕ್ಕದಲ್ಲಿ ಬರುತ್ತದೆ. ಆಲೂಗಡ್ಡೆಯ ವೈರಾಯ್ಡಿನಂಥವು 30 ಡಿಗ್ರಿ ಆಸುಪಾಸಿನ ಬೆಚ್ಚಗಿನ ಹವೆಯಲ್ಲಿ ಹೆಚ್ಚು ಹುಲುಸಾಗಿ ಬೆಳೆಯುತ್ತವೆ, ಲಕ್ಷಣವೂ ಜೋರಾಗುತ್ತದೆ. ಗಿಡವನ್ನು ಬಿಸಿಯಲ್ಲಿಟ್ಟು ವೈರಸ್ ಕಳೆಯುವ ಉಪಾಯ ಇವುಗಳ ಮೇಲೆ ಅಷ್ಟಾಗಿ ನಡೆಯದಿರುವುದು ಇದರಿಂದಲೇ. ತಿನ್ನುವವರು ಹೆದರಬೇಕಿಲ್ಲ: ವೈರಾಯ್ಡ್‌ನಿಂದ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ರೋಗ ಬಂದದ್ದಿಲ್ಲ.

ಬೆಳೆಗಾರರ ಮಾತು ಬೇರೆ. ಎಣ್ಣೆ ಹೊಡೆಯೋಣವೆಂದರೆ ಯಾವುದರ ಮೇಲೆ ಹೊಡೆಯುವುದು? ವೈರಾಯ್ಡಿಗೆ ತನ್ನದೆನ್ನುವ ಕಿಣ್ವವಿಲ್ಲ, ಹೊದಿಕೆಯಿಲ್ಲ. ಅದು ಬಳಸುವುದೆಲ್ಲ ಗಿಡದ್ದೇ ಆದ್ದರಿಂದ ಅದನ್ನು ತಡೆಯುವ ಮದ್ದು ಗಿಡವನ್ನೂ ತಡೆಯುತ್ತದೆ. ಹೀಗಾಗಿ ಉಪಾಯವೆಲ್ಲ ನಾಟಿಗೆ ಮುಂಚೆಯೇ ಆಗಬೇಕು. ಕಸಿ ಕಡ್ಡಿ ಕೊಡುವ ತಾಯಿ ಗಿಡವನ್ನು ಆರ್‌ಎನ್‌ಎ ಪತ್ತೆ ಮಾಡುವ ಪಿಸಿಆರ್‌ನಂಥ ಪರೀಕ್ಷೆಗೆ ಒಳಪಡಿಸಬೇಕು. ನಿಂಬೆ ಜಾತಿಯಲ್ಲಿ ಇದು ಇನ್ನೂ ಮುಖ್ಯ. ಕಸಿ ಕಡ್ಡಿ ನೋಡಲು ಆರೋಗ್ಯವಾಗಿದ್ದು, ಕೆಳಗಿನ ಬೇರುಸಸಿಯ ತೊಗಟೆ ವರ್ಷಗಳ ನಂತರ ಸುಲಿಯತೊಡಗುವ ರೋಗ ಅಲ್ಲುಂಟು. ಆಲೂಗಡ್ಡೆಯ ವೈರಾಯ್ಡ್ ಟೊಮೆಟೊ ಬೀಜದಲ್ಲೂ ಪರಾಗದಲ್ಲೂ ಸಾಗಬಲ್ಲದು. ಆದ್ದರಿಂದಲೇ ಹಲವು ದೇಶಗಳು ಟೊಮೆಟೊ, ಮೆಣಸಿನಕಾಯಿ ಬೀಜ ಒಳಗೆ ಬಿಡುವ ಮೊದಲು ಪರೀಕ್ಷೆ ಕೇಳುತ್ತವೆ; ರಾಣೆಬೆನ್ನೂರಿನ ಕಡೆ ತರಕಾರಿ ಬೀಜೋತ್ಪಾದನೆ ಮಾಡುವವರಿಗೂ ಇದು ಸಂಬಂಧಪಟ್ಟ ವಿಷಯ. ತೋಟದೊಳಗೆ ಮಾಡಬಹುದಾದದ್ದು ಚಿಕ್ಕದು, ಖರ್ಚೂ ಕಡಿಮೆ. ಚಾಕು-ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವ ಮೊದಲು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣದಲ್ಲಿ ಅದ್ದಬೇಕು. ಸ್ಪಿರಿಟ್ ಒರೆಸಿದರೆ ಸಾಲದು, ಬೆಂಕಿಗೆ ಹಿಡಿದು ತೆಗೆಯುವುದನ್ನೂ ನಂಬುವಂತಿಲ್ಲ. ಸೋಂಕು ಖಚಿತವಾದ ಗಿಡವನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಕಿತ್ತುಹಾಕಬೇಕು. ಗಿಡಕ್ಕೆ ರೋಗ ತರುತ್ತಿರುವುದು ಅದರ ಸ್ವಂತ ಕಾವಲೇ ಆಗಿರುವಾಗ, ಹೊರಗಿನ ಕಾವಲನ್ನು ನಾವೇ ಮಾಡಬೇಕಾಗುತ್ತದೆ.